ಒಂದೇ ದಿನ, ನಗರದ ಕೋಟೆ, ಮೂವತ್ತು ಸೈನಿಕರು: ಆಗುತ್ತಾ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 1763ರಲ್ಲಿ ಹೈದರಾಲಿಯ ಸೈನ್ಯ ಬಿದನೂರಿಗೆ, ಅಂದರೆ ಈಗ ನಗರ ಅನ್ನುವ ನಮ್ಮ ತಾಲ್ಲೂಕಿನ ಊರಿಗೆ, ಬಂದಾಗ ಕೆಳದಿಯ ರಾಣಿ ವೀರಮ್ಮಾಜಿ ಊರು ಬಿಟ್ಟು ಹೊರಡುವ ಕಥೆಯನ್ನು 25 ನಿಮಿಷದ ಕಿರುಚಿತ್ರವಾಗಿ ಬರೆದಿದ್ದೇನೆ. ಗೆಳೆಯರೆಲ್ಲ ಸೇರಿ ದುಡ್ಡು ಹೊಂದಿಸಿದ್ದೇವೆ. ನಗರದ ಶಿವಪ್ಪನಾಯಕನ ಕೋಟೆಯಲ್ಲಿ ಒಂದೇ ದಿನದಲ್ಲಿ ಮುಗಿಸಬೇಕು ಅಂತ ಲೆಕ್ಕ. 9 ದೃಶ್ಯ, 46 ಶಾಟ್, 30 ಸೈನಿಕರು, 2 ಕುದುರೆ, ಒಂದು ಡ್ರೋನ್. ಎರಡು ದೃಶ್ಯ ರಾತ್ರಿಯವು, ಪಂಜಿನ ಬೆಳಕಿನಲ್ಲಿ. ಒಬ್ಬರು 'ಸೆಪ್ಟೆಂಬರಲ್ಲೇ ಮಾಡಿ, ಹಸಿರು ಸಿಗುತ್ತೆ' ಅನ್ನುತ್ತಾರೆ. ಇನ್ನೊಬ್ಬರು 'ಸಣ್ಣ ಕ್ಯಾಮೆರಾ ತಾನೇ, ಪರ್ಮಿಷನ್ ಯಾಕೆ' ಅನ್ನುತ್ತಾರೆ. ಮತ್ತೊಬ್ಬರು 'ಏನೇ ತಪ್ಪಾದರೂ ಎಡಿಟಿಂಗ್‌ನಲ್ಲಿ ಸರಿ ಮಾಡಬಹುದು' ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಒಂದು ದಿನದಲ್ಲಿ ಆಗುತ್ತಾ? ಆಗದಿದ್ದರೆ ಏನು ಬಿಡಬೇಕು?

ಉತ್ತರ: ನಿಮ್ಮ ಶಾಟ್ ಪಟ್ಟಿಯನ್ನು ಪೂರ್ತಿ ಓದಿದೆ. ಈಗ ಬರೆದಿರುವ ಹಾಗೆ ಒಂದು ದಿನದಲ್ಲಿ ಆಗುವುದಿಲ್ಲ. ಇನ್ನೊಂದು ದಿನ ಸೇರಿಸಿದರೂ ಅದರಲ್ಲಿ ಕೆಲವನ್ನು ಆ ಕೋಟೆಯೊಳಗೆ ಮಾಡಲು ಬಿಡುವುದಿಲ್ಲ. ಆದರೆ ಸಿನಿಮಾ ಕೈಬಿಡುವ ಮಾತೇ ಬೇಡ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲೇ ಇದನ್ನು ಮಾಡಬಹುದು. ಕೆಲಸದ ಹಂಚಿಕೆ ಬದಲಾಗಬೇಕು.

ನೀವು 46 ಶಾಟ್ ಮುಗಿಯುತ್ತಾ ಅಂತ ಕೇಳಿದ್ದೀರಿ. ಸಹ ನಿರ್ದೇಶಕನಾಗಿ ಶೆಡ್ಯೂಲ್ ಹಾಕಲು ಕೂತಾಗ ನಾನು ಮೊದಲು ನೋಡುವುದು ಬೇರೆಯದನ್ನು. ಇದರಲ್ಲಿ ಕೋಟೆ ಕಾಣಲೇಬೇಕಾದ ಶಾಟ್ ಯಾವುವು? ರಾಣಿಯ ಮುಖದ ಕ್ಲೋಸಪ್‌ಗೆ ಕೋಟೆ ಬೇಡ. ಪತ್ರ ಓದುವ ಕೈಗೆ ಬೇಡ. ದಾಸಿಯರು ಗಂಟು ಕಟ್ಟುವ ದೃಶ್ಯಕ್ಕೆ ಒಂದು ಹಳೆಯ ಮನೆಯ ಒಳಗು ಸಾಕು. ಹೀಗೆ ಗುರುತು ಹಾಕುತ್ತಾ ಹೋದರೆ ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಆ ಗೋಡೆ, ಆ ಬಾಗಿಲು, ಆ ಕೊಳ ಬೇಕಾಗಿರುವುದು 12 ಶಾಟ್‌ಗೆ. ಮಿಕ್ಕ 34ನ್ನು ಕೋಟೆಯ ಹೊರಗೆ, ಅವಸರವಿಲ್ಲದೆ, ಕಡಿಮೆ ಖರ್ಚಿನಲ್ಲಿ ತೆಗೆಯಬಹುದು.

ಮೊದಲು ಒಂದು ದಿನ ಅಂದರೆ ಎಷ್ಟು ಅಂತ ನೋಡೋಣ. ಜನವರಿ ನಡುವಿನಲ್ಲಿ ನಗರದ ಕಡೆ ಸೂರ್ಯ ಹುಟ್ಟುವುದು ಹೆಚ್ಚು ಕಡಿಮೆ 7ಕ್ಕೆ. ಮುಳುಗುವುದು 6:20ರ ಸುಮಾರಿಗೆ. ಕಾಗದದ ಮೇಲೆ 11 ಗಂಟೆಗಿಂತ ಜಾಸ್ತಿ. ಆದರೆ ಬೆಳಗ್ಗೆ ಎಂಟೂವರೆ, ಒಂಬತ್ತರವರೆಗೆ ಮಂಜು ಇರಬಹುದು. ಮಂಜಿನಲ್ಲಿ ತೆಗೆದ ಶಾಟ್ ಬಿಸಿಲಿನಲ್ಲಿ ತೆಗೆದ ಶಾಟ್ ಜೊತೆ ಕೂಡುವುದಿಲ್ಲ. ಸಂಜೆ ಗಡಿಯಾರ ಹೇಳುವ ಹೊತ್ತಿಗಿಂತ ಮೊದಲೇ ಮರ, ಗುಡ್ಡದ ನೆರಳು ಗೋಡೆ ಹತ್ತುತ್ತದೆ. ಮಧ್ಯದಲ್ಲಿ ಊಟ. ಒಂದಕ್ಕೊಂದು ಹೊಂದುವ ಬೆಳಕು ಕೈಗೆ ಸಿಗುವುದು ಆರೇಳು ಗಂಟೆ ಮಾತ್ರ. ವೇಷ ಹಾಕಿದ ಗುಂಪನ್ನು ನಿಲ್ಲಿಸಿ, ಕ್ಯಾಮೆರಾ ಇಟ್ಟು, ರಿಹರ್ಸಲ್ ಮಾಡಿ, ಎರಡು ಮೂರು ಟೇಕ್ ತೆಗೆದು ಮುಂದಿನ ಜಾಗಕ್ಕೆ ಹೋಗಲು ಕನಿಷ್ಠ ಅರ್ಧ ಗಂಟೆ ಹಿಡಿಯುತ್ತದೆ. ಐತಿಹಾಸಿಕ ಸಿನಿಮಾದ ಹೊರಾಂಗಣದಲ್ಲಿ ದಿನಕ್ಕೆ 12ರಿಂದ 15 ಸೆಟಪ್ (ಕ್ಯಾಮೆರಾ, ಬೆಳಕು ಹೊಸದಾಗಿ ಹೊಂದಿಸುವುದು) ಆದರೆ ನಮ್ಮವರು ಅದನ್ನು ಒಳ್ಳೆಯ ದಿನ ಅನ್ನುತ್ತಾರೆ. ಅದೂ ಒಟ್ಟಿಗೆ ಕೆಲಸ ಮಾಡಿ ಪಳಗಿದ ತಂಡದಿಂದ.

ಈಗ ಸೆಪ್ಟೆಂಬರಿನ ಹಸಿರಿನ ಮಾತು. ಮಲೆನಾಡು ಅಂದರೆ ಮಳೆ, ಹಾವಸೆ, ಹಸಿರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನಿಮ್ಮ ಕಥೆ ನಡೆಯುವುದು ಯಾವಾಗ? ಹೈದರಾಲಿ ಬಿದನೂರಿನ ಮೇಲೆ ಬಂದದ್ದು 1763ರ ಮೊದಲ ತಿಂಗಳುಗಳಲ್ಲಿ. ಘಟ್ಟದ ಮಳೆಗಾಲದಲ್ಲಿ ಅಷ್ಟು ದೊಡ್ಡ ಸೈನ್ಯ, ಫಿರಂಗಿ, ಎತ್ತಿನ ಗಾಡಿ ಇಲ್ಲಿಗೆ ಬರುವುದು ಸುಲಭದ ಮಾತಾಗಿರಲಿಲ್ಲ. ಹಾಗಾಗಿ ಒಣಗಿದ ಹುಲ್ಲು, ದರಗೆಲೆ, ಬೆಳಗಿನ ಮಂಜು, ಕೆಂಪು ಧೂಳು, ಇದೇ ನಿಮ್ಮ ಕಥೆಯ ಸರಿಯಾದ ಬಣ್ಣ. ಸೆಪ್ಟೆಂಬರಿನಲ್ಲಿ ಮಳೆ ನಂಬುವ ಹಾಗಿಲ್ಲ. ಅಕ್ಟೋಬರಿನಲ್ಲಿ ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಗುಡುಗುತ್ತದೆ. ನೆನೆದ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಕತ್ತಿ ಹಿಡಿದು ಓಡುವ ಹುಡುಗರು ಜಾರಿ ಬೀಳುತ್ತಾರೆ. ಜೊತೆಗೆ ಇಂಬಳ.

ಡಿಸೆಂಬರ್ ಕೊನೆ ಮತ್ತು ಜನವರಿಗೆ ಇನ್ನೊಂದು ಅನುಕೂಲ ಇದೆ. ಆಗ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ. ದಕ್ಷಿಣಕ್ಕೆ ವಾಲಿಕೊಂಡು 55 ಡಿಗ್ರಿ ಆಸುಪಾಸಿನಲ್ಲೇ ಇರುತ್ತಾನೆ. ಮುಖದ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಸರಿಯಾಗಿ ತಲೆ ಮೇಲೆ. ಪೇಟ ಕಟ್ಟಿದವರ ಕಣ್ಣೆಲ್ಲ ಕಪ್ಪು ಗುಳಿ. ದೊಡ್ಡ ಬಟ್ಟೆ ಚೌಕಟ್ಟು ಹಿಡಿದು ಬಿಸಿಲು ಸೋಸಬೇಕು, ಅದನ್ನು ಹಿಡಿಯಲು ಮತ್ತೆ ನಾಲ್ಕು ಜನ ಬೇಕು. ಜನವರಿಯಲ್ಲಿ ಬೆಳಕನ್ನು ಮುಖಕ್ಕೆ ತಿರುಗಿಸುವ ಒಂದೆರಡು ಥರ್ಮೋಕೋಲ್ ಹಾಳೆಯಲ್ಲೇ ಕೆಲಸ ಆಗುತ್ತದೆ.

ಆದರೆ ಒಣ ತಿಂಗಳಿಗೂ ಅಪಾಯ ಇದೆ, ಅದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ ಬರುತ್ತದೆ. ನೀವು ಅಲ್ಲಿಯವರು, ನಿಮಗೆ ಗೊತ್ತು. ಆದರೆ ಬೆಂಗಳೂರಿನಿಂದ ಬರುವ ಕ್ಯಾಮೆರಾ ಹುಡುಗರಿಗೆ ಗೊತ್ತಿರುವುದಿಲ್ಲ. ಅವರು ದರಗೆಲೆಯ ಮೇಲೆ ಮಲಗಿ ಲೋ ಆಂಗಲ್ ಇಡುತ್ತಾರೆ. ಜಾಗ ಗೊತ್ತು ಮಾಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಆ ಜಾಗವನ್ನೇ ಬಿಡಿ. ಆರೋಗ್ಯ ಇಲಾಖೆಯವರು ಹಚ್ಚಿಕೊಳ್ಳಲು ಕೊಡುವ ಎಣ್ಣೆಯನ್ನು ಕೇಳಿ ತೆಗೆದುಕೊಳ್ಳಿ. ನೆಲದ ಮೇಲೆ ಟಾರ್ಪಾಲು ಹಾಸಿ. ಸಂಜೆ ವೇಷ ಬಿಚ್ಚುವಾಗ ಮೈಯೆಲ್ಲ ನೋಡಿಕೊಳ್ಳಲು, ಬಿಸಿ ನೀರಿನಲ್ಲಿ ಸ್ನಾನ ಮಾಡಲು ಎಲ್ಲರಿಗೂ ಹೇಳಿ. ಶೂಟಿಂಗ್ ಮುಗಿದು ಒಂದೆರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ್ದು ಮಲೆನಾಡಿನ ಕಾಡಂಚಿನಲ್ಲಿ ಇದ್ದೆ ಅನ್ನುವುದನ್ನು. ಇದನ್ನು ತಂಡಕ್ಕೆ ಕೊಡುವ ದಿನದ ಕೆಲಸದ ಹಾಳೆಯಲ್ಲೇ, ಅಂದರೆ ಕಾಲ್ ಶೀಟಿನಲ್ಲೇ, ಅಚ್ಚು ಹಾಕಿಸಿ.

ಇನ್ನು ಪರ್ಮಿಷನ್. ಸಣ್ಣ ಕ್ಯಾಮೆರಾಗೆ ಬೇಡ ಅನ್ನುವುದು ಬರೀ ನಂಬಿಕೆ. ನಗರದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1959ರ ನಿಯಮಗಳು ಕ್ಯಾಮೆರಾ ಎಷ್ಟು ದೊಡ್ಡದು ಅಂತ ಕೇಳುವುದಿಲ್ಲ. ಕೈಯಲ್ಲಿ ಹಿಡಿದು ನೆನಪಿಗೆ ಫೋಟೋ ತೆಗೆಯುವುದು ಒಂದು, ಸ್ಟ್ಯಾಂಡ್ ಇಟ್ಟು ಪಾತ್ರಧಾರಿಗಳನ್ನು ನಿಲ್ಲಿಸಿ ಚಿತ್ರೀಕರಿಸುವುದು ಇನ್ನೊಂದು. ಎರಡನೆಯದಕ್ಕೆ ಲೈಸೆನ್ಸ್ ಬೇಕೇ ಬೇಕು. ಶುಲ್ಕ ಇದೆ, ವಾಪಸ್ ಸಿಗುವ ಠೇವಣಿ ಇದೆ. ಅರ್ಜಿ ಹಾಕುವ ದಿನದ ದರವನ್ನು ಇಲಾಖೆಯಿಂದಲೇ ತಿಳಿದುಕೊಳ್ಳಿ. ಕೈಯಲ್ಲಿ ಮೂರು ತಿಂಗಳಾದರೂ ಇಟ್ಟುಕೊಂಡು ಅರ್ಜಿ ಹಾಕಿ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೊಳೆ ಹೊಡೆಯುವುದು, ಗೋಡೆಗೆ ಬಣ್ಣ ಬಳಿಯುವುದು, ಕಲ್ಲು ಸರಿಸುವುದು ಎಲ್ಲ ಹಾನಿಯೇ. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಆ ಕೋಟೆ ನಿಮ್ಮ ತಾಲ್ಲೂಕಿನದು. ಒಂದು ಶಾಟ್‌ಗಾಗಿ ಅದರ ಒಂದು ಜಂಬಿಟ್ಟಿಗೆಯೂ ಅಲುಗಬಾರದು ಅನ್ನುವುದು ನನ್ನ ಆಸೆ.

ಲೈಸೆನ್ಸ್ ಸಿಕ್ಕ ಮೇಲೂ ಕೆಲವು ಮಿತಿಗಳಿವೆ. ನಿಮ್ಮ ಪಟ್ಟಿ ಒಡೆಯುವುದು ಇಲ್ಲೇ. ಸ್ಮಾರಕ ತೆರೆದಿರುವುದು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಹಾಗಾಗಿ ರಾತ್ರಿ ದೃಶ್ಯ ಅಲ್ಲಿ ಇಲ್ಲ. ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ, ಹಾಗಾಗಿ ಪಂಜು ಇಲ್ಲ. ಪ್ರಾಣಿ ತರುವ ಹಾಗಿಲ್ಲ, ಹಾಗಾಗಿ ಕುದುರೆ ಇಲ್ಲ. ಛಾವಣಿ ಇರುವ ಒಳಭಾಗದಲ್ಲಿ ಚಿತ್ರೀಕರಣಕ್ಕೆ ಅವಕಾಶ ಇಲ್ಲ. ಅಡುಗೆ, ಊಟ ಕೂಡ ಒಳಗೆ ಬೇಡ. ಐವತ್ತು ಜನರ ಊಟಕ್ಕೆ ಹೊರಗೆ ಒಂದು ಜಾಗ ಬಾಡಿಗೆಗೆ ಹಿಡಿಯಿರಿ, ಅಲ್ಲೇ ಮೇಕಪ್ಪೂ ಆಗಲಿ.

ರಾತ್ರಿ ದೃಶ್ಯ ಹೋಯಿತಲ್ಲ ಅಂತ ಬೇಸರ ಬೇಡ. ಅವು ಕೋಟೆಯಲ್ಲಿ ಇರದಿದ್ದರೇ ಒಳ್ಳೆಯದು, ಯಾಕೆ ಅಂತ ಹೇಳುತ್ತೇನೆ. 1763ರಲ್ಲಿ ಬಿದನೂರು ಹಾಳೂರಲ್ಲ. ಆಗ ಅದು ಜೀವಂತ ರಾಜಧಾನಿ. ಅರಮನೆಗೆ ಮಾಡು ಇತ್ತು, ಮರದ ಕಂಬ ಇತ್ತು, ನೆಲಕ್ಕೆ ಸಾರಣೆ ಇತ್ತು. ಈಗ ಕೋಟೆಯೊಳಗೆ ಇರುವುದು ಬುನಾದಿ, ಮೊಂಡು ಗೋಡೆ, ಅಕ್ಕ ತಂಗಿ ಕೊಳ, ದರ್ಬಾರಿನ ಜಗತಿ. ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ನಾನು ಅತಿ ಜಾಸ್ತಿ ನೋಡುವ ತಪ್ಪು ಇದು: ಪಾಳುಬಿದ್ದ ಗೋಡೆಯ ಮುಂದೆ ರಾಜನನ್ನು ನಿಲ್ಲಿಸಿ ಅದನ್ನೇ ಅವನ ಅರಮನೆ ಅನ್ನುವುದು. ನೋಡುವವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಆದರೆ ನಂಬುವುದಿಲ್ಲ. ಗೋಡೆಯ ಬಿರುಕಿನಲ್ಲಿ ಗಿಡ ಬೆಳೆದಿದ್ದರೆ ಆ ರಾಣಿ ಅಲ್ಲಿ ನಿನ್ನೆವರೆಗೆ ಬಾಳಿದಳು ಅಂತ ಹೇಗೆ ನಂಬುತ್ತಾರೆ?

ಅದಕ್ಕೆ ಅರಮನೆಯ ಒಳಗು, ರಾತ್ರಿಯ ಅಂಗಳ ಎಲ್ಲ ಹಳೆಯ ತೊಟ್ಟಿ ಮನೆಯಲ್ಲಿ ಮಾಡಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ದಪ್ಪ ಮರದ ಕಂಬ, ಮುಚ್ಚಿಗೆ, ಕೆತ್ತಿದ ಬಾಗಿಲು ಇರುವ ಮನೆಗಳು ಇನ್ನೂ ಇವೆ. ಮನೆಯವರ ಜೊತೆ ಕರಾರು ಬರೆದುಕೊಳ್ಳಿ. ಎಷ್ಟು ಜನ ಬರುತ್ತಾರೆ, ಎಲ್ಲಿ ಓಡಾಡುತ್ತಾರೆ, ಏನಾದರೂ ಮುರಿದರೆ ಯಾರು ಕೊಡುತ್ತಾರೆ, ದೇವರ ಕೋಣೆ, ಅಡುಗೆ ಮನೆಗೆ ಹೋಗುವುದಿಲ್ಲ, ಎಲ್ಲ ಬರಹದಲ್ಲಿ ಇರಲಿ. ಪಂಜು ಹಿಡಿಯುವವರ ಹತ್ತಿರ ಮರಳಿನ ಬಕೆಟ್, ನೀರು, ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ಜನವರಿಯಲ್ಲಿ ಅಡಿಕೆ ಸೋಗೆ, ಹುಲ್ಲು ಎಲ್ಲ ಒಣಗಿರುತ್ತದೆ. ಒಂದೇ ಪಂಜು ನಿಜವಾದದ್ದು ಸಾಕು. ಮಿಕ್ಕ ಬೆಳಕು ಮರೆಯಲ್ಲಿಟ್ಟ ಎಲ್‌ಇಡಿಯಿಂದ ಬರಲಿ. ಹೊತ್ತು ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಆಕಾಶ ಕಡುನೀಲಿ ಇರುತ್ತದೆ. ಹೊರಡುವ ಶಾಟ್ ಆಗ ತೆಗೆದರೆ ರಾತ್ರಿಯೂ ಆಯಿತು, ಮನೆಯ ಆಕಾರವೂ ಕಂಡಿತು.

ಮಾಡಿನ ಬಗ್ಗೆ ಒಂದು ಎಚ್ಚರಿಕೆ. ಮಂಗಳೂರು ಹೆಂಚು ಕಾರ್ಖಾನೆಯಿಂದ ಬಂದದ್ದು 1860ರ ದಶಕದಲ್ಲಿ. ನಿಮ್ಮ ಕಥೆಗಿಂತ ನೂರು ವರ್ಷ ಆಚೆ. ಆ ಹೆಂಚು ಫ್ರೇಮಿನಲ್ಲಿ ಕಾಣಬಾರದು. ಸೋಗೆ, ಹುಲ್ಲಿನ ಮಾಡು, ಕೈಯಲ್ಲಿ ಮಾಡಿದ ನಾಡ ಹೆಂಚು ಆದೀತು. ಹೊರಗಿನ ಶಾಟ್‌ನಲ್ಲಿ ಅಕೇಶಿಯಾ ನೆಡುತೋಪು, ಸಿಲ್ವರ್ ಓಕ್ ಸಾಲು ಬಾರದ ಹಾಗೆ ನೋಡಿ. ಎರಡೂ ಆಸ್ಟ್ರೇಲಿಯಾ ಕಡೆಯ ಮರ. ಅಡಿಕೆ, ಬಿದಿರು, ಹಲಸು, ಮಾವು ಇದ್ದರೆ ಯಾರೂ ಬೆರಳು ತೋರಿಸುವುದಿಲ್ಲ.

ಕುದುರೆಯನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಕೋಟೆಯ ಹೊರಗೆ ಬಳಸಿದರೂ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲೇ ಅರ್ಜಿ, ಪಶುವೈದ್ಯರ ಪ್ರಮಾಣಪತ್ರ, ಚಿತ್ರೀಕರಣದ ಹೊತ್ತಿಗೆ ವೈದ್ಯರ ಹಾಜರಿ ಎಲ್ಲ ಬೇಕು. ಇದಾದ ಮೇಲೇ ಸೆನ್ಸಾರ್ ಮಂಡಳಿ ಆ ದೃಶ್ಯವನ್ನು ಒಪ್ಪುವುದು. ಪಳಗಿದ ಕುದುರೆಯನ್ನು ದೂರದ ಊರಿನಿಂದ ಲಾರಿಯಲ್ಲಿ ಘಟ್ಟದ ತಿರುವುಗಳಲ್ಲಿ ತರಬೇಕು. ಹೊಸ ಜಾಗ, ಜನರ ಗದ್ದಲ, ಅದರ ಮೇಲೆ ಕತ್ತಿ ಹಿಡಿದ ಹೊಸಬ ಸವಾರ. ನೀವು ಬರೆದಿರುವುದು ಎರಡೇ ಶಾಟ್. ಗೊರಸಿನ ಸದ್ದು, ಬೇಲಿಯಾಚೆ ಏಳುವ ಧೂಳು, ಅದನ್ನು ನೋಡುವ ಕಾವಲುಗಾರನ ಮುಖ. ಇಷ್ಟರಲ್ಲಿ ಸೈನ್ಯ ಬಂತು ಅಂತ ಗೊತ್ತಾಗುತ್ತದೆ ಅಲ್ವಾ? ಆ ದುಡ್ಡಿನಲ್ಲಿ ನಿಮಗೆ ಇನ್ನೊಂದು ದಿನ ಸಿಗುತ್ತದೆ.

ಸೈನಿಕರು 30 ಬೇಡ, 12 ಸಾಕು. ಲೆಕ್ಕ ನೋಡಿ: ಒಬ್ಬರಿಗೆ ಪೇಟ ಕಟ್ಟಲು 10 ನಿಮಿಷ ಅಂದರೆ 30 ಜನಕ್ಕೆ 300 ನಿಮಿಷ, ಐದು ಗಂಟೆ. ಕಟ್ಟುವವರು ಮೂವರಿದ್ದರೂ 100 ನಿಮಿಷ. ಆಮೇಲೆ ಮೀಸೆ. ಬೆವರಿಗೆ ಅಂಟು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಅರ್ಧ ಮೀಸೆ ಕೈಯಲ್ಲಿ ಇರುತ್ತದೆ. ನಿಜವಾದ ಮೀಸೆ ಇರುವವರನ್ನೇ ಆರಿಸಿ, ತಿಂಗಳ ಮೊದಲೇ ಕೂದಲು, ಗಡ್ಡ ಕತ್ತರಿಸಬೇಡಿ ಅಂತ ಹೇಳಿ. ಪೇಟವನ್ನು ಹಿಂದಿನ ದಿನವೇ ಟೊಪ್ಪಿಯ ಮೇಲೆ ಕಟ್ಟಿ ಹೊಲಿದಿಡಿ. ಬಟ್ಟೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಬಿಸಿಲಿಗೆ ಮಿಂಚುತ್ತದೆ, ಆ ಮಿಂಚು ಒಂದೇ ಸಾಕು ಕಾಲ ಕೆಡಿಸಲು. ಕೈಗಡಿಯಾರದ ಬಿಳಿ ಗುರುತು, ಹಚ್ಚೆ, ಕನ್ನಡಕದ ಗುರುತು, ಒಳ ಉಡುಪಿನ ಎಲಾಸ್ಟಿಕ್, ಇವನ್ನೆಲ್ಲ ನೋಡಲು ಒಬ್ಬರನ್ನೇ ಗೊತ್ತು ಮಾಡಿ.

12 ಜನ 30 ಆಗಿ ಕಾಣಲು, ಹಿಂದೆ ಮುಂದೆ ನಿಂತವರನ್ನು ಒತ್ತಾಗಿ ತೋರಿಸುವ ಲಾಂಗ್ ಲೆನ್ಸ್ ಹಾಕಿ. ಇಬ್ಬರನ್ನು ಕ್ಯಾಮೆರಾ ಹತ್ತಿರ ಭರ್ಜಿ ಹಿಡಿದು ನಿಲ್ಲಿಸಿ, ಅವರ ನಡುವಿನಿಂದ ಹಿಂದಿನವರನ್ನು ತೋರಿಸಿ. ದಾಟಿ ಹೋದವರು ಹಿಂದಿನಿಂದ ಸುತ್ತಿ ಬಂದು ಮತ್ತೆ ದಾಟಲಿ. ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು, ಊರಿನ ಯಕ್ಷಗಾನ ಕಲಾವಿದರು ನಿಮಗೆ ಹತ್ತಿರದಲ್ಲೇ ಇದ್ದಾರೆ. ಭಾರದ ಉಡುಪು ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲುವುದು, ಆಯುಧ ಹಿಡಿಯುವುದು ಅವರಿಗೆ ರೂಢಿ ಇದೆ. ಅಭಿನಯ ಮಾತ್ರ ಕ್ಯಾಮೆರಾಗೆ ತಕ್ಕಂತೆ ತಗ್ಗಬೇಕು, ಅದಕ್ಕೆ ಎರಡು ಸಂಜೆ ರಿಹರ್ಸಲ್ ಇಡಿ.

ಡ್ರೋನ್ ವಿಷಯ ಬೇಗ ಮುಗಿಸುತ್ತೇನೆ. 2021ರ ನಿಯಮದ ಪ್ರಕಾರ ಡ್ರೋನಿಗೆ ನೋಂದಣಿ ಬೇಕು, ಹಾರಾಟಕ್ಕೆ ಮುಕ್ತವಾಗಿರುವ ಹಸಿರು ವಲಯದಲ್ಲೂ ಅನುಮತಿ ಇಲ್ಲದೆ 400 ಅಡಿಗಿಂತ ಮೇಲೆ ಹಾರಿಸುವ ಹಾಗಿಲ್ಲ. ಸ್ಮಾರಕದ ಮೇಲೆ ಹಾರಿಸಲು ಇಲಾಖೆಯ ಒಪ್ಪಿಗೆ ಪತ್ರದಲ್ಲಿ ಬೇರೆಯಾಗಿಯೇ ಬರೆದಿರಬೇಕು. ಮೇಲಿನಿಂದ ನೋಡಿದರೆ ರಸ್ತೆ, ಕರೆಂಟ್ ಕಂಬ, ಮನೆಗಳೇ ಕಾಣುತ್ತವೆ. ಅಂದ ಮೇಲೆ ಅದು ಯಾಕೆ ಬೇಕು? ಇನ್ನೊಂದು ಕಾರಣ ಹೆಜ್ಜೇನು. ಹಳೆಯ ಕೋಟೆ ಗೋಡೆ, ಎತ್ತರದ ಮರಗಳಲ್ಲಿ ಗೂಡು ಇದ್ದರೆ ಡ್ರೋನ್, ಹೊಗೆ, ಪಟಾಕಿ ಸದ್ದು ಯಾವುದಕ್ಕೂ ಅವು ಎದ್ದುಬಿಡುತ್ತವೆ. ಜಾಗ ನೋಡಲು ಹೋದಾಗ ತಲೆ ಎತ್ತಿ ಗೂಡು ಹುಡುಕಿ.

ಎಡಿಟಿಂಗ್‌ನಲ್ಲಿ ಸರಿ ಮಾಡುವ ಮಾತು ಅರ್ಧ ನಿಜ. ಅಲುಗದ ಶಾಟ್‌ನಿಂದ ಒಂದು ಮೊಬೈಲ್ ಟವರ್ ಅಳಿಸುವುದು ಸುಲಭ. ಕ್ಯಾಮೆರಾ ಓಡುತ್ತಿರುವಾಗ, ಟವರಿನ ಮುಂದೆ ಜನ ದಾಟುತ್ತಿರುವಾಗ ಅದೇ ಕೆಲಸಕ್ಕೆ ದಿನಗಟ್ಟಲೆ ಬೇಕು, ದುಡ್ಡೂ ಬೇಕು. ಮೋಡದಲ್ಲಿ ತೆಗೆದ ಮುಖವನ್ನು ಬಿಸಿಲಿನಲ್ಲಿ ತೆಗೆದ ಮುಖಕ್ಕೆ ಬಣ್ಣದಲ್ಲಿ ಹತ್ತಿರ ತರಬಹುದು, ಆದರೆ ನೆರಳು ಹುಟ್ಟಿಸಲು ಆಗುವುದಿಲ್ಲ. ನಟನೆ, ವೇಷ, ಗುಂಪಿನ ಶಿಸ್ತು ಇವು ಯಾವುವೂ ಆಮೇಲೆ ಸರಿಯಾಗುವುದಿಲ್ಲ. ಧ್ವನಿಗೆ ಮಾತ್ರ ಸ್ವಲ್ಪ ದಾರಿ ಇದೆ. ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಲಾರಿ ಸದ್ದು ಬಂದೇ ಬರುತ್ತದೆ. ಅಲ್ಲಿನ 12 ಶಾಟ್‌ನಲ್ಲಿ ಮಾತು ಆದಷ್ಟು ಕಡಿಮೆ ಇರಲಿ, ಇದ್ದದ್ದನ್ನು ಡಬ್ ಮಾಡಿ. ಮನೆಯೊಳಗಿನ ಮಾತನ್ನು ಅಲ್ಲೇ ರೆಕಾರ್ಡ್ ಮಾಡಬಹುದು. ಸಂಜೆ ಜೀರುಂಡೆ ಶುರುವಾದ ಮೇಲೆ ಪ್ರತಿ ಟೇಕಿನಲ್ಲೂ ಅದರ ಶ್ರುತಿ ಬೇರೆ ಇರುತ್ತದೆ, ಕತ್ತರಿಸಿದ ಕಡೆ ಕೇಳಿಸುತ್ತದೆ. ಹಾಗಾಗಿ ಮಾತಿನ ದೃಶ್ಯಗಳನ್ನು ಹಗಲಲ್ಲೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತೆಗೆಯಿರಿ.

ಹಾಗಾದರೆ ನಿಮ್ಮ ಮುಂದೆ ಮೂರು ದಾರಿ ಇವೆ. ನಾನು ಒತ್ತಿ ಹೇಳುವುದು ಮೊದಲನೆಯದನ್ನು: ಕೋಟೆಯಲ್ಲಿ ಒಂದು ದಿನ 12 ಶಾಟ್, ತೊಟ್ಟಿ ಮನೆಯಲ್ಲಿ ಒಂದು ಮಧ್ಯಾಹ್ನ ಮತ್ತು ಸಂಜೆ ಸಣ್ಣ ತಂಡದ ಜೊತೆ ರಾತ್ರಿ ದೃಶ್ಯ, ಮರುದಿನ ಅಲ್ಲೇ ಕ್ಲೋಸಪ್ ಮತ್ತು ಒಳಾಂಗಣ. ಕುದುರೆ, ಡ್ರೋನ್, 18 ಸೈನಿಕರ ಖರ್ಚು ಉಳಿದರೆ ಇದಕ್ಕೆ ಸರಿಹೋಗುತ್ತದೆ. ಇದರ ಅಪಾಯ ಕೋಟೆಯ ದಿನ ಮೋಡ ಕವಿದರೆ ಅನ್ನುವುದು. ಆಗ ಇಡೀ ದಿನ ಮೋಡದಲ್ಲೇ ತೆಗೆಯಿರಿ, ಮಧ್ಯೆ ಬಿಸಿಲು ಬಂದರೂ ಕಾಯಿರಿ. ಎರಡನೆಯದು ಕೋಟೆಯೇ ಇಲ್ಲದೆ, ಖಾಸಗಿ ಜಾಗದ ಜಂಬಿಟ್ಟಿಗೆ ಗೋಡೆ ಮತ್ತು ಮನೆಯಲ್ಲೇ ಮುಗಿಸುವುದು. ಖರ್ಚು ಕಡಿಮೆ, ಅಡೆತಡೆ ಕಡಿಮೆ, ಆದರೆ ಬಿದನೂರು ಎಷ್ಟು ದೊಡ್ಡದಿತ್ತು ಅನ್ನುವುದು ತೆರೆಯ ಮೇಲೆ ಬರುವುದಿಲ್ಲ. ಮೂರನೆಯದು ಗುಡ್ಡದ ಮೇಲಿನ ಕವಲೇದುರ್ಗ ಕೋಟೆ. ಅಲ್ಲಿ ಸುತ್ತುಸುತ್ತಿನ ಕಲ್ಲಿನ ಗೋಡೆಗಳು, ಕಾಡು, ಇಳಿಜಾರು ಎಲ್ಲ ಅದ್ಭುತ. ಆದರೆ ವಾಹನ ಮೇಲೆ ಹೋಗುವುದಿಲ್ಲ. ಲೈಟು, ಬ್ಯಾಟರಿ, ನೀರು, ವೇಷದ ಪೆಟ್ಟಿಗೆ ಎಲ್ಲ ತಲೆ ಮೇಲೆ ಹೊರಬೇಕು, ಹತ್ತಿ ಇಳಿಯುವುದರಲ್ಲೇ ಬೆಳಕಿನ ಎರಡು ಗಂಟೆ ಹೋಗುತ್ತದೆ. ಅದೂ ಸಂರಕ್ಷಿತ ಜಾಗವೇ, ನಿಯಮ ತಪ್ಪುವುದಿಲ್ಲ. ಒಂದೇ ದಿನ ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಕೋಟೆಯ ದಿನ ಬೆಳಗ್ಗೆ ನಾಲ್ಕೂವರೆಗೆ ಮೇಕಪ್ ಶುರುವಾಗಲಿ. ಬಾಗಿಲು ತೆರೆದ ತಕ್ಷಣ ಮಂಜಿನಲ್ಲಿ ರಾಣಿ ಕೋಟೆಯನ್ನು ತಿರುಗಿ ನೋಡುವ ಶಾಟ್ ತೆಗೆಯಿರಿ. ಅದು ಒಂಟಿ ಶಾಟ್, ಬೇರೆ ಯಾವುದರ ಜೊತೆಗೂ ಹೊಂದಬೇಕಾಗಿಲ್ಲ. ಬಿಸಿಲು ಬಂದ ಮೇಲೆ ಗುಂಪಿನ ದೊಡ್ಡ ಶಾಟ್‌ಗಳು, ಸೂರ್ಯ ಪಾತ್ರಗಳ ಬೆನ್ನಿಗೆ ಇರುವ ಹಾಗೆ. ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಕಾವಲುಗಾರರ ಶಾಟ್‌ಗಳು. ಮೂರರ ಮೇಲೆ ಕೊಳ ಮತ್ತು ಬಾಗಿಲು. ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಅಂತ ಈಗಲೇ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಇಡೀ ದಿನ ಅಲ್ಲಿ ಕೂತು ಬರೆದುಕೊಳ್ಳಿ. ನೀವು ಹತ್ತಿರದವರು, ಹೊರಗಿನ ತಂಡಗಳಿಗೆ ಇಲ್ಲದ ಅನುಕೂಲ ಇದು.

ಈ ವಾರವೇ ಇಲಾಖೆಗೆ ಅರ್ಜಿ ಹಾಕಿ. ಅದರಲ್ಲಿ ಕಥೆಯ ಸಾರಾಂಶ, 12 ಶಾಟ್‌ನ ಪಟ್ಟಿ, ಜನರ ಸಂಖ್ಯೆ, ಬೆಂಕಿ ಮತ್ತು ಪ್ರಾಣಿ ಇಲ್ಲ ಅನ್ನುವುದು ಸ್ಪಷ್ಟವಾಗಿರಲಿ. ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಲೈಸೆನ್ಸ್ ಪತ್ರ ಕೈಗೆ ಬರುವ ತನಕ ವೇಷಭೂಷಣಕ್ಕಾಗಲಿ, ಕ್ಯಾಮೆರಾಗಾಗಲಿ ಮುಂಗಡ ಕೊಡಬೇಡಿ. ಚಿತ್ರೀಕರಣಕ್ಕೆ ಮೂರು ವಾರ ಇರುವಾಗಲೂ ಪತ್ರ ಬರದಿದ್ದರೆ ಎರಡನೇ ದಾರಿಗೆ ತಿರುಗಿ. ಅದಕ್ಕೆ ತೊಟ್ಟಿ ಮನೆಯವರ ಜೊತೆಗಿನ ಕರಾರಿನಲ್ಲಿ ಒಂದು ದಿನ ಹೆಚ್ಚಿಗೆ ಬರೆಸಿಟ್ಟುಕೊಂಡಿರಿ.